ಚೆರಾವ್: ಮಿಜೋ ಜನರ ಬಿದಿರು ಕುಣಿತದ ಚರಿತ್ರೆ

ಗಡಿನಾಡಿನ ಕನ್ನಡ ಶಾಲೆಯೊಂದರಲ್ಲಿ ನಾವು ಮುಖ್ಯೋಪಾಧ್ಯಾಯರಾಗಿದ್ದ ಕಾಲದಲ್ಲಿ ವಾರ್ಷಿಕೋತ್ಸವದ ಕಾರ್ಯಕ್ರಮ ಪಟ್ಟಿಯಲ್ಲಿ ‘ಬಿದಿರು ನೃತ್ಯ’ ತಪ್ಪದೆ ಇರುತ್ತಿತ್ತು. ದೈಹಿಕ ಶಿಕ್ಷಣದ ಅಧ್ಯಾಪಕರು ಹದಿನೈದು ದಿನ ಮೊದಲೇ ಉದ್ದನೆಯ ಬೊಂಬುಗಳನ್ನು ಹೊಂದಿಸಿಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಹೆಜ್ಜೆ ಹೇಳಿಕೊಡುತ್ತಿದ್ದರು. ಕಣಕಾಲಿಗೆ ಪೆಟ್ಟು ಬಿದ್ದು ಒಬ್ಬಿಬ್ಬರು ಅಳುತ್ತ ನಮ್ಮ ಕೊಠಡಿಗೆ ಬರುವುದೂ ಇತ್ತು. ಸಮಾರಂಭದ ದಿನ ಮೈಕಿನ ಮುಂದೆ ನಿಂತು, ‘ಇದು ಈಶಾನ್ಯ ಭಾರತದ ಗಿರಿಜನರು ಸುಗ್ಗಿಯ ಸಂತೋಷದಲ್ಲಿ ಕುಣಿಯುವ ನೃತ್ಯ’ ಎಂದು ಸಾರುತ್ತಿದ್ದವರು ನಾವೇ. ಎಷ್ಟು ವರ್ಷ ಹೀಗೆ ಸಾರಿದೆವೋ ಲೆಕ್ಕವಿಟ್ಟಿಲ್ಲ.

ನಿವೃತ್ತರಾದ ಬಳಿಕ ಒಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅಸ್ಸಾಂ ರೈಫಲ್ಸ್ ಪಡೆಯಲ್ಲಿದ್ದು, ಕೆಲವು ವರ್ಷ ಐಜ್ವಾಲ್‌ನಲ್ಲಿ ಸೇವೆ ಸಲ್ಲಿಸಿ ಊರಿಗೆ ಮರಳಿದವನು. ಮಾತು ಶಾಲೆಯ ಹಳೆಯ ದಿನಗಳತ್ತ ಹೊರಳಿದಾಗ ಅವನು ಸಂಕೋಚದಿಂದಲೇ, ‘ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಆ ಬೊಂಬು ಕುಣಿತ ಸುಗ್ಗಿಯದಲ್ಲವಂತೆ. ಹೆರಿಗೆಯಲ್ಲಿ ತೀರಿಕೊಂಡ ತಾಯಂದಿರಿಗಾಗಿ ಹಿಂದೆ ಕುಣಿಯುತ್ತಿದ್ದರಂತೆ. ಅಲ್ಲಿಯ ಹಿರಿಯರೇ ನನಗೆ ಹೇಳಿದರು’ ಎಂದ. ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮಕ್ಕಳಿಗೆ ಚರಿತ್ರೆಯನ್ನು ಬೋಧಿಸಿಯೇ ಜೀವನ ಕಳೆದವರು ನಾವು. ಅಂದಿನಿಂದ ಕೈಗೆ ಸಿಕ್ಕಿದ ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ಸಂಘದ ಬಂಧುಗಳ ಮುಂದೆ ಈ ಸ್ಮರಣ ಸಂಚಿಕೆಯ ಮೂಲಕ ಇಡುತ್ತಿದ್ದೇವೆ. ಹಳೆಯ ತಪ್ಪೊಂದನ್ನು ತಿದ್ದಿಕೊಳ್ಳುವ ಉದ್ದೇಶವೂ ಇದರಲ್ಲಿದೆ.

ನಾಡು, ಜನ, ಬಿದಿರು

ಮಿಜೋರಾಂ ನಮ್ಮ ದೇಶದ ಈಶಾನ್ಯದಲ್ಲಿ, ಬಾಂಗ್ಲಾದೇಶ ಮತ್ತು ಮ್ಯಾನ್ಮಾರ್ ದೇಶಗಳ ನಡುವೆ ಬೆಣೆಯಂತೆ ಇಳಿದಿರುವ ರಾಜ್ಯ. ವಿಸ್ತೀರ್ಣ ಸುಮಾರು 21,000 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 11 ಲಕ್ಷ. ಉತ್ತರದಿಂದ ದಕ್ಷಿಣಕ್ಕೆ ಸಾಲುಸಾಲಾಗಿ ಹಬ್ಬಿದ ಕಡಿದಾದ ಬೆಟ್ಟಗಳು, ಅವುಗಳ ನೆತ್ತಿಯ ಮೇಲೆ ಊರುಗಳು, ತಪ್ಪಲಿನುದ್ದಕ್ಕೂ ಬಿದಿರಿನ ಕಾಡು. ಚಳಿಗಾಲದಲ್ಲಿ ಕಾಡಿನ ಒಂದು ಭಾಗವನ್ನು ಕಡಿದು, ಒಣಗಲು ಬಿಟ್ಟು, ಬೇಸಗೆಯಲ್ಲಿ ಸುಟ್ಟು, ಮೊದಲ ಮಳೆಗೆ ಭತ್ತ ಬಿತ್ತುವ ಕುಮರಿ ಬೇಸಾಯವೇ ಅಲ್ಲಿಯ ಹಳೆಯ ಜೀವನಕ್ರಮ. ಕಡಿದ ಕಾಡು ಒಣಗುವವರೆಗೆ ರೈತನಿಗೆ ಕೆಲವು ದಿನ ಬಿಡುವು. ಆ ಬಿಡುವಿನ ಹಬ್ಬವೇ ಮಾರ್ಚ್ ತಿಂಗಳಿನ ‘ಚಾಪ್ಚಾರ್ ಕುಟ್’. ‘ಕುಟ್’ ಎಂದರೆ ಹಬ್ಬ.

ಇಂಥ ನಾಡಿನಲ್ಲಿ ಬಿದಿರಿಲ್ಲದೆ ಬದುಕಿಲ್ಲ. ಮನೆಯ ಗೋಡೆ, ನೆಲದ ಹಾಸು, ನೀರು ತರುವ ಕೊಳವೆ, ಬೆನ್ನಿಗೆ ಕಟ್ಟುವ ಬುಟ್ಟಿ, ಊಟಕ್ಕೆ ಕಳಲೆ, ಎಲ್ಲವೂ ಬಿದಿರಿನಿಂದಲೇ. ನಮ್ಮಲ್ಲಿಯೂ ಬಾಗಿನದ ಮೊರದಿಂದ ಹಿಡಿದು ಕೊನೆಯ ಚಟ್ಟದವರೆಗೆ ಬಿದಿರು ಜೊತೆಗಿರುತ್ತದೆ. ಅದನ್ನು ಬಲ್ಲ ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನ್ನ ಕೊಡುವ ಬಿದಿರು ಅನ್ನ ಕಸಿಯುವುದೂ ಉಂಟು. ಬಿದಿರು ಹೂ ಬಿಟ್ಟರೆ ಬರ ಬರುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಿಜೋ ಜನರಿಗೆ ಅದು ತಲೆಮಾರಿಗೊಮ್ಮೆ ಕಣ್ಣಾರೆ ಕಂಡ ಸತ್ಯ. ಅಲ್ಲಿ ‘ಮೌಟಕ್’ ಎಂಬ ಜಾತಿಯ ಬಿದಿರು ಸುಮಾರು 48 ವರ್ಷಗಳಿಗೊಮ್ಮೆ ಬೆಟ್ಟಬೆಟ್ಟಗಳಲ್ಲಿ ಒಟ್ಟಿಗೇ ಹೂ ಬಿಟ್ಟು, ಕಾಯಿ ಉದುರಿಸಿ, ಒಣಗಿ ಸಾಯುತ್ತದೆ. ಆ ಕಾಯಿ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಕಾಡಿನ ಕಾಯಿ ಮುಗಿದ ಮೇಲೆ ಅವು ಹೊಲಕ್ಕೂ ಕಣಜಕ್ಕೂ ನುಗ್ಗುತ್ತವೆ. ಈ ಕ್ಷಾಮಕ್ಕೆ ‘ಮೌಟಾಮ್’, ಎಂದರೆ ಬಿದಿರಿನ ಸಾವು, ಎಂದು ಹೆಸರು. 1911-12ರಲ್ಲಿ, 1959ರಲ್ಲಿ, ಮತ್ತೆ 2007ರ ಸುಮಾರಿಗೆ ಅದು ಬಂದುಹೋಗಿದೆ. ಕುಣಿತದ ಚರಿತ್ರೆಯಲ್ಲಿ ಈ ಕ್ಷಾಮದ ಮಾತು ಮುಂದೆ ಮತ್ತೊಮ್ಮೆ ಬರಲಿದೆ.

ಕುಣಿತದ ಕ್ರಮ

ಈ ಕುಣಿತದ ಹೆಸರು ಚೆರಾವ್. ‘ಚೆರಾವ್ ಕಾನ್’ ಎಂದೂ ಕರೆಯುವುದುಂಟು; ‘ಕಾನ್’ ಎಂದರೆ ದಾಟುವುದು. ನೆಲದ ಮೇಲೆ ಅಂತರ ಬಿಟ್ಟು ಎರಡು ಬೊಂಬುಗಳನ್ನು ಅಡಿಪಾಯದಂತೆ ಇಡುತ್ತಾರೆ. ಅವುಗಳ ಮೇಲೆ ಅಡ್ಡಲಾಗಿ ಜೋಡಿಜೋಡಿಯಾಗಿ ಉದ್ದನೆಯ ಬೊಂಬುಗಳು. ಪ್ರತಿ ಜೋಡಿಯ ಎರಡು ತುದಿಗಳಲ್ಲಿ ಗಂಡಸರು ಎದುರುಬದುರಾಗಿ ಕುಳಿತು, ಕೈಗೊಂದರಂತೆ ಬೊಂಬು ಹಿಡಿಯುತ್ತಾರೆ. ಒಮ್ಮೆ ಅಗಲಿಸಿ ಅಡಿಯ ಬೊಂಬಿಗೆ ಬಡಿಯುವುದು, ಒಮ್ಮೆ ಕೂಡಿಸಿ ಒಂದಕ್ಕೊಂದು ತಾಗಿಸುವುದು: ಇದೇ ತಾಳ. ಬೊಂಬು ಅಗಲಿದಾಗ ಹೆಣ್ಣುಮಕ್ಕಳು ಒಳಗೆ ಹೆಜ್ಜೆ ಇಡಬೇಕು. ಕೂಡುವ ಕ್ಷಣಕ್ಕೆ ಹೊರಗಿರಬೇಕು. ನಾಲ್ಕು, ಆರು, ಎಂಟು ಮಂದಿ ಒಂದೇ ಲಯದಲ್ಲಿ ಹಾಯುತ್ತಾರೆ. ಹಕ್ಕಿಯ ಹಾರಾಟ, ಗಾಳಿಗೆ ತೂಗುವ ಮರ, ಪೈರು ಕೊಯ್ಯುವ ಕೈ ಇವನ್ನು ಹೋಲುವ ಹೆಜ್ಜೆಗಳಿವೆ. ‘ಖುವಾಂಗ್’ ಎಂಬ ಡೋಲು, ‘ದಾರ್ಖುವಾಂಗ್’ ಎಂಬ ದೊಡ್ಡ ಜಾಗಟೆ ಜೊತೆಗೂಡುತ್ತವೆ.

ಉಡುಪಿನಲ್ಲಿಯೂ ಒಂದು ಗಾಂಭೀರ್ಯವಿದೆ. ಸೊಂಟಕ್ಕೆ ‘ಪುವಾನ್‌ಚೆಯ್’ ಎಂಬ ಕೈಮಗ್ಗದ ವಸ್ತ್ರ. ಮಿಜೋ ನೇಯ್ಗೆಯಲ್ಲೇ ಅತ್ಯಂತ ಸುಂದರವೆನಿಸಿದ ಇದು 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆಯಿತು. ಮೇಲೆ ‘ಕೌರ್‌ಚೆಯ್’ ಎಂಬ ಕುಪ್ಪಸ, ತಲೆಗೆ ‘ವಾಕಿರಿಯಾ’ ಎಂಬ ಅಲಂಕೃತ ಕಿರೀಟ.

ಬಿದಿರಿನ ನಡುವೆ ಹಾಯುವ ಕುಣಿತ ಮಿಜೋ ಜನರಲ್ಲಿ ಮಾತ್ರವೇ ಇಲ್ಲ. ಫಿಲಿಪೈನ್ಸಿನ ‘ಟಿನಿಕ್ಲಿಂಗ್’, ಬೋರ್ನಿಯೋ ದ್ವೀಪದ ಮುರುತ್ ಜನರ ‘ಮಗುನಾತಿಪ್’, ವಿಯೆಟ್ನಾಂ ಬೆಟ್ಟಗಳ ‘ಮುವಾ ಸಾಪ್’ ಇವೆಲ್ಲ ಇದೇ ಬಗೆಯವು. ಬಿದಿರು ಬೆಳೆಯುವ ಆಗ್ನೇಯ ಏಷ್ಯಾದ ಉದ್ದಕ್ಕೂ ಈ ಕಲೆಯ ನಂಟು ಹರಡಿದೆ. ಮಿಜೋರಾಮಿನ ದಕ್ಷಿಣ ಭಾಗದಲ್ಲಿ ವಾಸಿಸುವ ಮಾರಾ ಮೊದಲಾದ ಜನರಲ್ಲಿ ಭತ್ತ ಕುಟ್ಟುವ ಒನಕೆಗಳನ್ನೇ ಬಡಿದು, ಅವುಗಳ ನಡುವೆ ಹೆಜ್ಜೆ ಹಾಕುವ ಕುಣಿತವೊಂದು ಸಾವಿನ ಸಂದರ್ಭದಲ್ಲಿ ನಡೆಯುತ್ತಿತ್ತು. ಫಿಲಿಪೈನ್ಸಿನ ಕುಣಿತ ಗದ್ದೆಯ ಹಕ್ಕಿಯೊಂದರ ನಡಿಗೆಯನ್ನು ಅನುಕರಿಸುವ ಆಟ. ಮಿಜೋ ಬೆಟ್ಟಗಳಲ್ಲಿ ಮಾತ್ರ ಅದೇ ಹೆಜ್ಜೆಗೆ ದುಃಖದ ಅರ್ಥ ಕೂಡಿಕೊಂಡಿತು.

ಹಿಂದಿರುಗಿ ನೋಡುವ ಬೆಟ್ಟ

ಹೆರಿಗೆಯಲ್ಲಿ ಸಾಯುವುದನ್ನು ಮಿಜೋ ಭಾಷೆಯಲ್ಲಿ ‘ರೈಚೆಹ್’ ಎನ್ನುತ್ತಾರೆ. ಸಾವುಗಳಲ್ಲಿ ಇದಕ್ಕೆ ಬೇರೆಯ ಹೆಸರೇ ಇರಬೇಕಾದರೆ ಅದು ಎಷ್ಟು ಭಯದ ಸಾವಾಗಿತ್ತೆಂಬುದನ್ನು ಊಹಿಸಬಹುದು. ಹಸುಗೂಸನ್ನು ಬಿಟ್ಟು ಹೋದ ಆ ತಾಯಿಯ ಆತ್ಮಕ್ಕೆ ಸಮಾಧಾನವಾಗಲಿ, ಅವಳ ಪ್ರಯಾಣ ನಿರ್ವಿಘ್ನವಾಗಲಿ ಎಂದು ಊರವರು ಚೆರಾವ್ ಕುಣಿಯುತ್ತಿದ್ದರೆಂಬುದು ಮಿಜೋ ಜನರಲ್ಲಿ ಹಿರಿಯರಿಂದ ಕಿರಿಯರಿಗೆ ಬಂದ ಮಾತು.

ಆ ಪ್ರಯಾಣದ ಕಲ್ಪನೆಯನ್ನು ತಿಳಿಯದೆ ಕುಣಿತದ ಅರ್ಥ ತಿಳಿಯದು. ಹಳೆಯ ಮಿಜೋ ನಂಬಿಕೆಯಲ್ಲಿ ಸತ್ತವರು ಸೇರುವ ಊರಿಗೆ ‘ಮಿಥಿ ಖುವಾ’ ಎಂದು ಹೆಸರು. ಅದರಾಚೆ ಪಿಯಾಲ್ ನದಿಯನ್ನು ದಾಟಿದರೆ ಸುಖದ ನೆಲೆಯಾದ ‘ಪಿಯಾಲ್‌ರಾಲ್’. ದಾರಿಯಲ್ಲಿ ಪುಪೌಲಾ ಎಂಬವನು ದೊಡ್ಡ ಕವಣೆಬಿಲ್ಲು ಹಿಡಿದು ನಿಂತಿರುತ್ತಾನೆ. ಅವನೇ ಮೊದಲು ಸತ್ತ ಮನುಷ್ಯ. ಅವನ ಮಣ್ಣುಂಡೆಯ ಪೆಟ್ಟು ತಿಂದವರಿಗೆ ನದಿ ದಾಟಲು ಸಾಧ್ಯವಿಲ್ಲ. ಬದುಕಿದ್ದಾಗ ಊರಿಗೆಲ್ಲ ಔತಣವಿಕ್ಕಿದವರು, ದೊಡ್ಡ ಬೇಟೆಯಾಡಿದವರು ‘ಥಾಂಗ್‌ಛುವಾ’ ಎಂಬ ಪದವಿ ಪಡೆದಿದ್ದರೆ ಅವರ ಮೇಲೆ ಅವನು ಬಿಲ್ಲೆತ್ತುವಂತಿಲ್ಲ. ಹುಟ್ಟಿದೊಡನೆ ತೀರಿಹೋದ ಶಿಶುವಿಗೂ ವಿನಾಯಿತಿಯುಂಟು.

ಇದಕ್ಕಿಂತ ಮನಮುಟ್ಟುವ ಭಾಗ ಇನ್ನೊಂದಿದೆ. ಸತ್ತವರ ದಾರಿಯಲ್ಲಿ ‘ಹ್ರಿಂಗ್‌ಲಾಂಗ್ ತ್ಲಾಂಗ್’ ಎಂಬ ಬೆಟ್ಟವಿದೆ. ಅದರ ಮೇಲೆ ನಿಂತರೆ ಬಿಟ್ಟುಬಂದ ಊರು, ಮನೆ, ಮಕ್ಕಳು ಕಾಣುತ್ತಾರೆ. ಜೀವ ಅಲ್ಲಿಂದ ಮುಂದಕ್ಕೆ ಹೆಜ್ಜೆ ಇಡಲೊಲ್ಲದೆ ಅಳುತ್ತದೆ. ಕೊನೆಗೆ ಹಿಂದಿರುಗಿ ನೋಡದಂತೆ ಮಾಡುವ ಹೂವೊಂದನ್ನು ಮುಡಿದು, ಹಂಬಲವನ್ನು ತೊಳೆಯುವ ನೀರನ್ನು ಕುಡಿದ ಮೇಲೆಯೇ ಅದು ಮುಂದೆ ಸಾಗುತ್ತದೆ. ಆ ಹೂವಿಗೆ ‘ಹೋಯ್ಲೋಪಾರ್’ ಎಂದೂ ಆ ನೀರಿಗೆ ‘ಲುಂಗ್‌ಲೋಹ್ ತುಯ್’ ಎಂದೂ ಹೆಸರು. ಇದನ್ನು ಓದಿದಾಗ ಚೆರಾವ್ ಕುಣಿತದ ಕಟ್ಟು ನಮಗೆ ಬೇರೆಯಾಗಿ ಕಂಡಿತು. ಎಲ್ಲರಿಗಿಂತ ಹೆಚ್ಚು ಹೊತ್ತು ಆ ಬೆಟ್ಟದ ಮೇಲೆ ನಿಲ್ಲುವವಳು ಮಗುವಿಗೆ ಹಾಲು ಕುಡಿಸದೆ ಬಂದ ತಾಯಿಯಲ್ಲದೆ ಇನ್ನಾರು? ಮುಚ್ಚಿ ತೆರೆಯುವ ಬೊಂಬುಗಳ ನಡುವೆ ಅವಳ ಊರಿನ ಹೆಣ್ಣುಮಕ್ಕಳು ಅವಳಿಗೆ ದಾಟುವುದನ್ನು ಕಲಿಸಿಕೊಡುತ್ತಿದ್ದರು ಎಂದು ನಮಗೆ ತೋರುತ್ತದೆ. ಇದು ನಮ್ಮ ಊಹೆ ಮಾತ್ರ. ವಿದ್ವಾಂಸರ ತೀರ್ಮಾನವೆಂದು ಓದುಗರು ಭಾವಿಸಬಾರದು.

ಈ ಕುಣಿತ ಎಷ್ಟು ಹಳೆಯದೆಂಬ ಪ್ರಶ್ನೆಗೆ ಬರಹದ ಆಧಾರ ಸಿಗುವಂತಿಲ್ಲ. ಮಿಜೋ ಭಾಷೆಗೆ ಲಿಪಿ ದೊರೆತದ್ದೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ತಮಗೂ ಹಿಂದೆ ತೊಗಲಿನ ಮೇಲೆ ಬರೆದ ಅಕ್ಷರಗಳಿದ್ದುವೆಂದೂ ಅದನ್ನು ನಾಯಿ ತಿಂದುಬಿಟ್ಟಿತೆಂದೂ ಅವರೊಂದು ಕಥೆ ಹೇಳುತ್ತಾರೆ. ಅಕ್ಷರ ಕಳೆದುಕೊಂಡ ಜನ ನೆನಪನ್ನು ಕಾಲಿನ ಹೆಜ್ಜೆಯಲ್ಲಿ ಉಳಿಸಿಕೊಂಡರು.

ಹೊಸ ಧರ್ಮ, ಹೊಸ ಅಕ್ಷರ

1871-72ರಲ್ಲಿ ಮತ್ತು 1889-90ರಲ್ಲಿ ಬ್ರಿಟಿಷರು ಈ ಬೆಟ್ಟಗಳ ಮೇಲೆ ದಂಡೆತ್ತಿ ಬಂದರು. 1898ರಲ್ಲಿ ಉತ್ತರ ದಕ್ಷಿಣ ಭಾಗಗಳನ್ನು ಕೂಡಿಸಿ ಲುಷಾಯ್ ಹಿಲ್ಸ್ ಜಿಲ್ಲೆಯನ್ನು ರಚಿಸಿದರು. ಈ ನಡುವೆ 1894ರ ಜನವರಿ 11ರಂದು ಲೊರೇನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಮಿಷನರಿಗಳು ಅಲ್ಲಿಗೆ ಬಂದಿಳಿದಿದ್ದರು. ಅವರು ಮಿಜೋ ಭಾಷೆಗೆ ರೋಮನ್ ಅಕ್ಷರಮಾಲೆಯನ್ನು ಹೊಂದಿಸಿದರು. ಲೊರೇನರ ಬೃಹತ್ ನಿಘಂಟು 1940ರಲ್ಲಿ ಪ್ರಕಟವಾಯಿತು. ಕೆಲವೇ ದಶಕಗಳಲ್ಲಿ ಇಡೀ ಜನಾಂಗ ಹೆಚ್ಚುಕಡಿಮೆ ಕ್ರೈಸ್ತಧರ್ಮವನ್ನು ಸ್ವೀಕರಿಸಿತು.

ಹಳೆಯ ಹಬ್ಬಗಳನ್ನೂ ‘ಝೂ’ ಎಂಬ ಅಕ್ಕಿಯ ಮದ್ಯವನ್ನೂ ಅವುಗಳೊಡನೆ ಬೆಸೆದಿದ್ದ ಕುಣಿತಗಳನ್ನೂ ಚರ್ಚು ದೂರವಿಟ್ಟಿತು. ಖುವಾಂಗ್ ಡೋಲಿಗೂ ಮೊದಮೊದಲು ಪ್ರಾರ್ಥನಾ ಮಂದಿರದಲ್ಲಿ ಸ್ಥಳವಿರಲಿಲ್ಲ. ಪಿಯಾಲ್‌ರಾಲ್ ಹೋಗಿ ಸ್ವರ್ಗ ಬಂದ ಮೇಲೆ ಪುಪೌಲಾನ ಬಿಲ್ಲಿಗೆ ಹೆದರುವವರು ಯಾರು? ನಂಬಿಕೆ ಬದಲಾದಾಗ ಆ ನಂಬಿಕೆಗಾಗಿ ಕುಣಿಯುತ್ತಿದ್ದ ಕುಣಿತಕ್ಕೂ ಕೆಲಸ ತಪ್ಪಿತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಕುಣಿತವನ್ನು ದೂರವಿಟ್ಟವರೇ ಶಾಲೆಗಳನ್ನು ತೆರೆದರು. 1928ರಲ್ಲಿ ಐಜ್ವಾಲ್ ಪಕ್ಕದ ಡುರ್ಟ್‌ಲಾಂಗ್‌ನಲ್ಲಿ ಮಿಷನ್ ಆಸ್ಪತ್ರೆಯನ್ನು ಸ್ಥಾಪಿಸಿದರು. ದಾದಿಯರಿಗೆ ತರಬೇತಿ ಕೊಟ್ಟರು. ಯಾವ ಸಾವಿಗಾಗಿ ಚೆರಾವ್ ಕುಣಿಯುತ್ತಿದ್ದರೋ ಆ ಸಾವನ್ನು ತಡೆಯುವ ಕೆಲಸವೂ ಅದೇ ಕೈಗಳಿಂದ ಆರಂಭವಾಯಿತು. ಇದನ್ನು ಕೇವಲ ನಷ್ಟವೆಂದು ಬರೆದರೆ ಚರಿತ್ರೆಗೆ ಅಪಚಾರವಾಗುತ್ತದೆ.

ಕ್ಷಾಮ, ಬಂದೂಕು, ಮತ್ತೆ ಕುಣಿತ

ಸ್ವಾತಂತ್ರ್ಯಾನಂತರ ಈ ಬೆಟ್ಟಗಳು ಅಸ್ಸಾಮಿನ ಒಂದು ಜಿಲ್ಲೆಯಾಗಿ ಉಳಿದವು. 1959ರಲ್ಲಿ ಬಿದಿರು ಹೂ ಬಿಟ್ಟಿತು. ಅಪಾಯವನ್ನು ಮೊದಲೇ ಕಂಡು ಜಿಲ್ಲಾ ಪರಿಷತ್ತು ನೆರವು ಕೋರಿತ್ತಾದರೂ ಸಾಕಷ್ಟು ನೆರವು ಸಕಾಲಕ್ಕೆ ಒದಗಲಿಲ್ಲ. ಇಲಿಗಳು ಕಣಜಗಳನ್ನು ಬರಿದುಮಾಡಿದವು. ಹಸಿದವರಿಗೆ ಅಕ್ಕಿ ಹೊತ್ತು ತಲುಪಿಸಲು ಲಾಲ್‌ಡೆಂಗಾ ಮುಂದಾಳತ್ವದಲ್ಲಿ ಹುಟ್ಟಿದ ಕ್ಷಾಮ ಪರಿಹಾರ ಸಂಘಟನೆಯೇ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಎಂಬ ರಾಜಕೀಯ ಪಕ್ಷವಾಯಿತು. 1966ರ ಮಾರ್ಚ್ 1ರಂದು ಅದು ಸ್ವಾತಂತ್ರ್ಯವನ್ನು ಘೋಷಿಸಿತು. ಕೆಲವೇ ದಿನಗಳಲ್ಲಿ ಐಜ್ವಾಲ್ ಮೇಲೆ ವಿಮಾನಗಳಿಂದ ದಾಳಿ ನಡೆಯಿತು. 1967ರಿಂದ ನೂರಾರು ಹಳ್ಳಿಗಳ ಜನರನ್ನು ಎಬ್ಬಿಸಿ, ರಸ್ತೆಬದಿಯ ಕೆಲವೇ ಕೇಂದ್ರಗಳಲ್ಲಿ ಕಾವಲಿನೊಳಗೆ ಕೂಡಿಹಾಕಲಾಯಿತು. ಪೂರ್ವಜರ ಊರು, ಸಮಾಧಿ, ಹೊಲ ಎಲ್ಲವನ್ನೂ ಬಿಟ್ಟು ಬಂದವರು ಬದುಕಿದ್ದಾಗಲೇ ಆ ಹಿಂದಿರುಗಿ ನೋಡುವ ಬೆಟ್ಟವನ್ನು ಹತ್ತಿದ್ದರು.

ಅಶಾಂತಿ ಇನ್ನೂ ತಣಿಯದಿದ್ದ ಆ ಕಾಲದಲ್ಲೇ, 1973ರಲ್ಲಿ, ಚಾಪ್ಚಾರ್ ಕುಟ್ ಹಬ್ಬವನ್ನು ದೊಡ್ಡ ಪ್ರಮಾಣದಲ್ಲಿ ಮರಳಿ ಆಚರಣೆಗೆ ತಂದರು. ಮದ್ಯ ಇರಕೂಡದು, ಕ್ರೈಸ್ತ ನೀತಿಗೆ ವಿರುದ್ಧವಾದುದು ನಡೆಯಕೂಡದು ಎಂಬ ನಿಬಂಧನೆಯೊಡನೆ ಹಬ್ಬ ಬಂತು. ಸಾವಿನ ಮನೆಯಿಂದ ದೂರವಾಗಿದ್ದ ಚೆರಾವ್ ಹಬ್ಬದ ಅಂಗಳದಲ್ಲಿ ನೆಲೆ ಕಂಡಿತು. 1986ರ ಜೂನ್ 30ರಂದು ಶಾಂತಿ ಒಪ್ಪಂದವಾಯಿತು. 1987ರ ಫೆಬ್ರವರಿ 20ರಂದು ಮಿಜೋರಾಂ ರಾಜ್ಯವಾಯಿತು. 2010ರ ಮಾರ್ಚ್ 12ರ ಹಬ್ಬದಂದು ಐಜ್ವಾಲ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಚೆರಾವ್ ಕುಣಿದು ವಿಶ್ವದಾಖಲೆ ಬರೆದರು. ಬಿದಿರು ತಂದ ಹಸಿವಿನಿಂದ ಇಪ್ಪತ್ತು ವರ್ಷಗಳ ಸಂಕಟ ಕಂಡ ಜನ, ಅದೇ ಬಿದಿರನ್ನು ಕೈಯಲ್ಲಿ ಹಿಡಿದು ತಮ್ಮ ಗುರುತೆಂದು ಲೋಕಕ್ಕೆ ತೋರಿಸಿದರು.

ಹಾಗಾದರೆ ನಾವು ಮೈಕಿನಲ್ಲಿ ಸಾರಿದ್ದು ಪೂರ್ತಿ ಸುಳ್ಳೇ? ಇಂದು ಅದು ಹಬ್ಬದ ಕುಣಿತವೇ ಹೌದು. ತಮ್ಮ ಕುಣಿತಕ್ಕೆ ಹೊಸ ಸಂದರ್ಭವನ್ನು ಕೊಡುವ ಹಕ್ಕು ಆ ಜನಕ್ಕಿದೆ. ಆದರೆ ಅವರು ಬದಲಾಯಿಸಿಕೊಂಡರೇ ಹೊರತು ಮರೆಯಲಿಲ್ಲ. ಸಾವಿನ ಮನೆಗೆ ಊರೆಲ್ಲ ಬಂದು ರಾತ್ರಿ ಹಾಡುತ್ತ ಕೂರುವ ಪದ್ಧತಿ ಅಲ್ಲಿ ಇಂದಿಗೂ ಉಂಟು. ಒಮ್ಮೆ ಹೊರಗಿಟ್ಟಿದ್ದ ಖುವಾಂಗ್ ಡೋಲೇ ಆ ಹಾಡಿಗೆ ತಾಳ. 1935ರಲ್ಲಿ ಸ್ಥಾಪನೆಯಾದ ಯಂಗ್ ಮಿಜೋ ಅಸೋಸಿಯೇಷನ್‌ನ ಯುವಕರು ಸಮಾಧಿ ಅಗೆಯುವ ಕೆಲಸವನ್ನು ಕೂಲಿಯಿಲ್ಲದೆ ಮಾಡುತ್ತಾರೆ. ಇಂಥ ನಿಸ್ವಾರ್ಥಕ್ಕೆ ಅವರ ಭಾಷೆಯಲ್ಲಿ ‘ತ್ಲಾಮ್‌ಂಗೈಹ್ನಾ’ ಎಂಬ ಹೆಸರಿದೆ. ಆಚರಣೆ ಬೇರೆಯಾಯಿತು, ಸತ್ತವರ ಮನೆಯನ್ನು ಒಂಟಿಯಾಗಿ ಬಿಡಬಾರದೆಂಬ ಗುಣ ಉಳಿಯಿತು. ಅರ್ಥ ತಿಳಿಯದೆ ಹೆಜ್ಜೆಯನ್ನು ಮಾತ್ರ ಎರವಲು ತಂದವರು ನಾವು.

ನಮ್ಮ ಊರಿನ ಕಲ್ಲು

ಈ ಓದು ನಮ್ಮನ್ನು ನಮ್ಮ ಊರಿಗೇ ಮರಳಿಸಿತು. ಹೊಸೂರು ಸೀಮೆಯ ನಮ್ಮ ಹಳ್ಳಿಯಿಂದ ಸಂತೆಗೆ ಹೋಗುವ ದಾರಿಯಲ್ಲಿ, ಎದೆಯೆತ್ತರದ ಎರಡು ಕಲ್ಲುಗಂಬಗಳು, ಅವುಗಳ ಮೇಲೊಂದು ಅಡ್ಡಗಲ್ಲು ಇದ್ದವು. ತಮಿಳಿನಲ್ಲಿ ಇದಕ್ಕೆ ಸುಮೈತಾಂಗಿ, ಎಂದರೆ ಹೊರೆ ತಾಳುವುದು, ಎಂದು ಹೆಸರು. ಸೌದೆ, ಹುಲ್ಲು ಹೊತ್ತು ಬರುವವರು ಇನ್ನೊಬ್ಬರ ಕೈಯಾಸರೆಯಿಲ್ಲದೆ ಹೊರೆಯನ್ನು ಅದರ ಮೇಲಿಳಿಸಿ, ಉಸಿರಾಡಿಕೊಂಡು, ಮತ್ತೆ ತಲೆಗೇರಿಸುತ್ತಿದ್ದರು. ಶಾಲೆಗೆ ಹೋಗುವ ನಾವು ಹುಡುಗರು ಚೀಲಗಳನ್ನು ಅದರ ಮೇಲೆ ಎಸೆದು ಗೋಲಿಯಾಡುತ್ತಿದ್ದೆವು. ಒಮ್ಮೆ ಅಜ್ಜಿ ಕಂಡು ಹೇಳಿದ ಮಾತು ನೆನಪಿದೆ: ‘ಅದು ಬಸುರಿ ಹೆಣ್ಣಿನ ಹೆಸರಲ್ಲಿ ನೆಟ್ಟ ಕಲ್ಲು ಕಣಪ್ಪ. ಹೊತ್ತ ಹೊರೆ ಇಳಿಸದೇನೆ ಹೋದಳು. ದಾರಿಹೋಕರು ಹೊರೆ ಇಳಿಸಿದಷ್ಟೂ ಅವಳ ಹೊರೆ ಇಳಿಯುತ್ತೆ.’ ಆ ಹೆಣ್ಣಿನ ಹೆಸರೇನೆಂದು ಕೇಳುವ ಬುದ್ಧಿ ಅಂದು ನಮಗಿರಲಿಲ್ಲ. ಕೇಳಬೇಕೆನಿಸಿದಾಗ ಅಜ್ಜಿ ಇರಲಿಲ್ಲ.

ಮಿಜೋ ಬೆಟ್ಟಗಳಿಗೂ ನಮ್ಮ ಸೀಮೆಗೂ ಸಂಪರ್ಕವಿದ್ದಿತೆಂದು ನಾವು ಹೇಳುತ್ತಿಲ್ಲ. ಬಾಣಂತಿಯ ಸಾವು ಎಲ್ಲಿಯೂ ಊರಿನ ಎದೆಗೆ ಬಿದ್ದ ಪೆಟ್ಟು. ಒಂದು ಕಡೆ ಬಿದಿರಿನ ನಡುವೆ ಹೆಜ್ಜೆ ಹಾಕಿದರು. ಇನ್ನೊಂದು ಕಡೆ ದಾರಿಯಲ್ಲಿ ಕಲ್ಲು ನೆಟ್ಟರು. ಕೆಲವು ವರ್ಷಗಳ ಹಿಂದೆ ರಸ್ತೆ ಅಗಲವಾದಾಗ ನಮ್ಮ ಊರಿನ ಕಲ್ಲು ಉರುಳಿತು. ಅಡ್ಡಗಲ್ಲು ಇಂದಿಗೂ ಚರಂಡಿಯ ಪಕ್ಕದಲ್ಲಿ ಹುಲ್ಲಿನ ನಡುವೆ ಬಿದ್ದಿದೆ. ನಾವೂ ನೋಡಿಕೊಂಡು ಸುಮ್ಮನೆ ಬಂದವರೇ. ತಪ್ಪನ್ನು ಬೇರೆಯವರ ಮೇಲೆ ಹೊರಿಸಲಾರೆವು.

ಸಂಘದ ಬಂಧುಗಳಲ್ಲಿ ನಮ್ಮದು ಎರಡು ಬಿನ್ನಹ. ನಿಮ್ಮ ನಿಮ್ಮ ಊರುಗಳಲ್ಲಿ ಇಂಥ ಕಲ್ಲುಗಳು ಎಲ್ಲಿವೆ, ಅವುಗಳ ಬಗ್ಗೆ ಹಿರಿಯರು ಏನು ಹೇಳುತ್ತಾರೆ ಎಂಬುದನ್ನು ಬರೆದು ಸಂಘಕ್ಕೆ ತಲುಪಿಸಿ. ಹೇಳುವ ಅಜ್ಜಿಯರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಬಿದ್ದವುಗಳಲ್ಲಿ ಒಂದನ್ನಾದರೂ ಮುಂದಿನ ಸಮ್ಮೇಳನದೊಳಗೆ ಎತ್ತಿ ನಿಲ್ಲಿಸೋಣ; ನಮ್ಮ ಊರಿನದಕ್ಕೆ ಬೇಕಾದ ಆಳು, ಗಾಡಿಯ ಖರ್ಚು ನಮ್ಮದಿರಲಿ. ಎರಡನೆಯದು ಶಾಲೆಗಳಿಗೆ. ಬಿದಿರು ನೃತ್ಯವನ್ನು ಖಂಡಿತ ಆಡಿಸಿ. ಮಕ್ಕಳಿಗೆ ಅದು ಬಹು ಇಷ್ಟ. ಆದರೆ ಪರದೆ ಸರಿಯುವ ಮೊದಲು, ಇದು ಮಿಜೋ ಜನರ ಚೆರಾವ್, ಹೆರಿಗೆಯಲ್ಲಿ ತೀರಿಕೊಂಡ ತಾಯಂದಿರ ನೆನಪು ಇದರಲ್ಲಿದೆ ಎಂದು ಹೇಳಿಬಿಡಿ. ನಮ್ಮ ಕಾಲದಲ್ಲಿ ನಾವು ಹೇಳದೆ ಬಿಟ್ಟ ಮಾತು ಅದು.